ಹಳೇ ಮನೆಯ ಅಟ್ಟಕ್ಕೆ ಗ್ಲಾಸ್ ವೂಲ್ ಹಾಸಿದ್ದು: ನನ್ನ ಅನುಭವ

ಗ್ಲಾಸ್ ವೂಲ್ (ಶಾಖ ತಡೆಯಲು ಹಾಸುವ, ಗಾಜಿನ ಎಳೆಗಳ ಮೆತ್ತನೆ ಹೊದಿಕೆ) ಹಾಸುವುದು ನಿಜಕ್ಕೂ ಸುಲಭ. ಸುರುಳಿ ಬಿಚ್ಚಿ ಜಂತೆಗಳ ನಡುವೆ ಹರಡಿಕೊಂಡು ಹೋದರೆ ಆಯ್ತು. ಬೆವರಿಳಿಸುವುದು ಅದಕ್ಕಿಂತ ಮುಂಚಿನ ಕೆಲಸ, ಜಾಸ್ತಿ ಜನ ಬಿಟ್ಟುಬಿಡುವುದೂ ಅದನ್ನೇ.

ಮೊದಲು ಅಟ್ಟ ಖಾಲಿ ಮಾಡಿ ಗುಡಿಸಿದೆ. ಇಲಿ ಹಿಕ್ಕೆ, ಹೆಂಚಿನ ಚೂರು, ಯಾವ ಕಾಲದ್ದೋ ಪೇಪರ್ ಕಟ್ಟು. ನೀರಿಳಿದ ಕಲೆ ಕಂಡ ಕಡೆಯೆಲ್ಲ ಮೇಲಿನ ಹೆಂಚು ಬದಲಾಯಿಸಿದೆ, ಯಾಕೆಂದರೆ ಗ್ಲಾಸ್ ವೂಲ್ ನೆನೆದರೆ ಶಾಖ ತಡೆಯುವುದಿರಲಿ, ಕೆಳಗಿನ ಮರವನ್ನೂ ಕೊಳೆಸುತ್ತದೆ. (ನಿಮ್ಮ ಅಟ್ಟದಲ್ಲಿ ಹೊಳೆಯುವ ಹರಳಿನಂಥ ಪುಡಿ ಮೊದಲೇ ಹರಡಿದ್ದರೆ ಮುಟ್ಟಬೇಡಿ. ಅದು ಶಾಖ ತಡೆಯಲು ಹಿಂದೆ ಹಾಕುತ್ತಿದ್ದ ವರ್ಮಿಕ್ಯುಲೈಟ್ ಎಂಬ ಖನಿಜವಾಗಿದ್ದರೆ ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್, ಉಸಿರಿನಲ್ಲಿ ಹೋದರೆ ಅಪಾಯ) ಸೇರಿರಬಹುದು. ಪರೀಕ್ಷೆ ಮಾಡಿಸಿ.)

ಆಮೇಲೆ ಸಂದುಗಳು. ಮುಚ್ಚಿಗೆಯ ಹಲಗೆ ಒಣಗಿ ಬಿಟ್ಟ ಬಿರುಕು, ವೈರ್ ಇಳಿಸಲು ಕೊರೆದ ತೂತು, ಗೋಡೆಯೂ ಮುಚ್ಚಿಗೆಯೂ ಸೇರುವ ಮೂಲೆ. ಊದುಬತ್ತಿ ಹಚ್ಚಿ ಕೆಳಗಿನಿಂದ ಹಿಡಿದು ನೋಡಿದೆ. ಸರಿ ಇದ್ದ ಕಡೆ ಹೊಗೆ ಮುಚ್ಚಿಗೆಗೆ ತಾಗಿ ಹರಡಿತು, ಸಂದಿದ್ದ ಕಡೆ ದಾರದ ಹಾಗೆ ಸಣ್ಣಗಾಗಿ ಸುಯ್ಯನೆ ಮೇಲಕ್ಕೆ ಹೋಯಿತು. ಸಣ್ಣವಕ್ಕೆ ಸೀಲೆಂಟ್ ತುಂಬಿದೆ, ದೊಡ್ಡವಕ್ಕೆ ಮರದ ಪಟ್ಟಿ ಹೊಡೆದೆ. ಇದನ್ನು ಬಿಟ್ಟು ಎಷ್ಟು ದಪ್ಪ ಹಾಸಿದರೂ ಸುಮ್ನೆ. ಗಾಳಿ ಗ್ಲಾಸ್ ವೂಲ್ ಒಳಗಿಂದಲೇ ನುಸುಳುತ್ತದೆ, ಜೊತೆಗೆ ಅಡುಗೆ, ಸ್ನಾನದ ಹಬೆಯನ್ನೂ ಒಯ್ಯುತ್ತದೆ. ಚಳಿಗೆ ಅದು ಅಟ್ಟದಲ್ಲಿ ನೀರಾಗಿ ಕೂರುತ್ತದೆ.

ವೈರಿಂಗ್ ಹಳೆಯದಿದ್ದರೆ ಎಲೆಕ್ಟ್ರಿಷಿಯನ್‌ಗೆ ತೋರಿಸದೆ ಮುಂದುವರಿಯಬೇಡಿ. ಹೊದಿಕೆಯ ಕೆಳಗೆ ವೈರಿನ ಬಿಸಿ ಹೊರಗೆ ಹೋಗುವುದಿಲ್ಲ. ನಾನು ವೈರನ್ನೆಲ್ಲ ಮೇಲೆ ಬರುವಂತೆ ಹಾಕಿಸಿದೆ, ಮುಚ್ಚಿಗೆಯೊಳಗೆ ಕೂತ ಲೈಟುಗಳ ಸುತ್ತ ಜಾಗ ಬಿಟ್ಟೆ. ಗ್ಲಾಸ್ ವೂಲ್ ಬದಲು ಅಲ್ಯೂಮಿನಿಯಂ ಫಾಯಿಲ್ ಹಾಕುವವರು ಮೇನ್ ಸ್ವಿಚ್ ಆಫ್ ಮಾಡಲೇಬೇಕು, ಅದರಲ್ಲಿ ಕರೆಂಟ್ ಹರಿಯುತ್ತದೆ. 2009-10ರಲ್ಲಿ ಆಸ್ಟ್ರೇಲಿಯಾದಲ್ಲಿ ಸರ್ಕಾರಿ ಯೋಜನೆಯಡಿ ಅಟ್ಟದಲ್ಲಿ ಫಾಯಿಲ್ ಹೊಡೆಯುತ್ತಿದ್ದ ಕೆಲಸಗಾರರು ಶಾಕ್ ಹೊಡೆದು ಸತ್ತಿದ್ದಾರೆ.

ಇನ್ನು ಹಾಸುವುದು. ತುಂಬು ತೋಳಿನ ಅಂಗಿ, ಗ್ಲೌಸ್, ಕನ್ನಡಕ, ಎನ್95 ಮಾಸ್ಕ್ ಬೇಕೇ ಬೇಕು, ಇಲ್ಲದಿದ್ದರೆ ಮೈಯೆಲ್ಲ ನವೆ. ಜಂತೆಗಳ ಮೇಲೆ ಅಡ್ಡ ಹಲಗೆ ಇಟ್ಟು ಅದರ ಮೇಲೇ ಕೂತು ಕೆಲಸ ಮಾಡಿ. ಮುಚ್ಚಿಗೆ ಮೇಲೆ ಕಾಲಿಟ್ಟರೆ ನೇರ ಕೆಳಗಿನ ಕೋಣೆಗೆ! ಒಂದು ಪದರ ಜಂತೆಗಳ ನಡುವೆ, ಇನ್ನೊಂದು ಅದಕ್ಕೆ ಅಡ್ಡಲಾಗಿ, ಆಗ ಜಂತೆಯ ಮರವೂ ಮುಚ್ಚುತ್ತದೆ. ಅದುಮಬೇಡಿ. ಶಾಖ ತಡೆಯುವುದು ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. 100 ಮಿ.ಮೀ. ದಪ್ಪದ್ದನ್ನು 50ಕ್ಕೆ ಅದುಮಿದರೆ ಗುಣ ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತದೆ.

ಸೂರಿನ ಹತ್ತಿರ ಸುಮಾರು 50 ಮಿ.ಮೀ. ಖಾಲಿ ಬಿಟ್ಟೆ. ಅಟ್ಟಕ್ಕೆ ಹೊರಗಿನ ಗಾಳಿ ಬೇಕು, ಮನೆಯೊಳಗಿನದು ಬೇಡ. ಅಟ್ಟದ ಬಾಗಿಲಿಗೂ ಹಿಂದೆ ಫೋಮ್ ಹಲಗೆ ಅಂಟಿಸಿ, ಅಂಚಿಗೆ ರಬ್ಬರ್ ಪಟ್ಟಿ ಹಾಕಿದೆ.

ಈಗ ಮಧ್ಯಾಹ್ನ ಮುಚ್ಚಿಗೆ ಮುಟ್ಟಿದರೆ ಮೊದಲಿನ ಕಾವಿಲ್ಲ. ಆದರೆ ಕಿಟಕಿಯಿಂದ ಒಳಗೆ ಬಂದ ಶಾಖವನ್ನೂ ಇದು ಮೇಲಕ್ಕೆ ಬಿಡುವುದಿಲ್ಲ ಅಲ್ವಾ, ಹಾಗಾಗಿ ಸೆಕೆಗಾಲದಲ್ಲಿ ಹಗಲು ಪರದೆ ಎಳೆದು ರಾತ್ರಿ ಕಿಟಕಿ ತೆರೆದಿಡಬೇಕು.