ಇಪ್ಪತ್ತನಾಲ್ಕು ಚೌಕಗಳ ಕರಪತ್ರ

2024ರ ಜುಲೈ. ನಾನಾಗ ಬಿಕಾಂ ಕೊನೆಯ ವರ್ಷ. ಐಟಿ, ಬಿಪಿಒಗಳಲ್ಲಿ ದಿನಕ್ಕೆ 14 ಗಂಟೆ ತನಕ ದುಡಿಸಲು ದಾರಿ ಮಾಡಿಕೊಡುವ ತಿದ್ದುಪಡಿ ಕರ್ನಾಟಕ ಸರ್ಕಾರದ ಮುಂದಿದೆ ಅಂತ ಸುದ್ದಿ ಬಂತು. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದಿನಕ್ಕೆ 9 ಗಂಟೆ, ಓಟಿ (ಹೆಚ್ಚುವರಿ ದುಡಿಮೆ) ಸೇರಿದರೆ 10. ಐಟಿ ನೌಕರರ ಸಂಘ ಕೆಐಟಿಯು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಪ್ರತಿಭಟನೆಗೆ ಕರೆ ಕೊಟ್ಟಿತು. ಕಾಲೇಜಿನವರನ್ನು ಕರೆತರುವ ಕೆಲಸ ನಾನು ಮತ್ತು ಇಬ್ಬರು ಗೆಳತಿಯರು ಹೊತ್ತುಕೊಂಡೆವು.

ಮೊದಲ ಕರಪತ್ರ ನಾನೇ ಬರೆದೆ. ಎರಡು ಪುಟ, ತುಂಬಾ ಕಲಂ, ಉಪಕಲಂ. 300 ಪ್ರತಿ ಜೆರಾಕ್ಸ್ ಮಾಡಿಸಿ ಗೇಟಿನಲ್ಲಿ ಹಂಚಿದೆವು. ಸಂಜೆ ಬಸ್‌ಸ್ಟಾಪಿನಲ್ಲಿ ಮಳೆಗೆ ಒದ್ದೆಯಾದ ಬೆಂಚಿನ ಮೇಲೆ ಹುಡುಗ ಹುಡುಗಿಯರು ಅದನ್ನೇ ಹಾಸಿಕೊಂಡು ಕೂತಿದ್ದರು. ಅವರ ಮೇಲೆ ಸಿಟ್ಟು ಬರಲಿಲ್ಲ. ಅದರಲ್ಲಿ ಅವರ ಬದುಕಿನ ಮಾತು ಒಂದೂ ಇರಲಿಲ್ಲ, ಅಲ್ವಾ?

ದಾರಿ ತೋರಿಸಿದ್ದು ಅಮ್ಮ. ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ಸ್‌ನಲ್ಲಿ ಟೈಲರ್. 2016ರ ಏಪ್ರಿಲ್ 18, 19ರಂದು ಪಿಎಫ್ (ಭವಿಷ್ಯ ನಿಧಿ) ನಿಯಮ ಬದಲಿಸಿದ್ದಕ್ಕೆ ಹೊಸೂರು ರಸ್ತೆಗೆ ಇಳಿದ ಸಾವಿರಾರು ಹೆಂಗಸರಲ್ಲಿ ಅವಳೂ ಒಬ್ಬಳು. "ಪಿಎಫ್ ನಿಯಮ ಅಂದಿದ್ರೆ ನಂಗೇನು ತಿಳೀತಿತ್ತು? ಕಂಪನಿ ಕಟ್ಟೋ ಪಾಲು 58 ವರ್ಷದ ತನಕ ಕೈಗೆ ಬರಲ್ಲ ಅಂದ್ರು. ಮಿಷನ್ ಆಫ್ ಮಾಡಿ ಎದ್ದ್ವಿ ಕಣೇ" ಅಂದಳು. ಎರಡನೇ ದಿನವೇ ಕೇಂದ್ರ ಸರ್ಕಾರ ಆ ಆದೇಶ ವಾಪಸ್ ತಗೊಂಡಿತ್ತು.

ಅವತ್ತು ರಾತ್ರಿ ಹೊಸ ಕರಪತ್ರ ಮಾಡಿದೆ. ಒಂದೇ ಪುಟ. 24 ಚೌಕ, ಒಂದೊಂದು ಗಂಟೆಗೆ ಒಂದು. ಮೇಲೆ ಒಂದೇ ಸಾಲು: "ನಿಮ್ಮ ದಿನ ತುಂಬಿಸಿ." ಗೇಟ್ ಬಿಟ್ಟು ಪಿಜಿಗಳಿಗೆ ಹೋದೆವು, ರಾತ್ರಿ ಊಟದ ಹೊತ್ತಿಗೆ. ಆಗ ಎಲ್ಲರೂ ಸಿಗುತ್ತಾರೆ, ಮಾತಿಗೆ ಪುರುಸೊತ್ತೂ ಇರುತ್ತದೆ. ಒಬ್ಬ ಹುಡುಗಿ, ಆಗಷ್ಟೇ ಕಾಲ್‌ಸೆಂಟರ್‌ಗೆ ಆಯ್ಕೆಯಾಗಿದ್ದವಳು, ತಟ್ಟೆ ಪಕ್ಕಕ್ಕಿಟ್ಟು ಪೆನ್ ಹಿಡಿದಳು. ಕೆಲಸಕ್ಕೆ 14 ಚೌಕ ನೀಲಿ ಮಾಡಿದಳು. ಹೋಗಿಬರೋಕೆ ಮೂರು. ಉಳಿದ ಏಳನ್ನು ಬೆರಳಿಟ್ಟು ಎಣಿಸಿದಳು. "ನಿದ್ದೆ, ಸ್ನಾನ, ಬಟ್ಟೆ ಒಗೆಯೋದು ಎಲ್ಲಾ ಇಷ್ಟರಲ್ಲೇನಾ? ಊರಿಗೆ ಫೋನ್ ಯಾವಾಗ ಮಾಡ್ಲಿ?" ಅಂತ ಕೇಳಿದಳು. ನಾನು ಒಂದು ಮಾತೂ ಆಡಬೇಕಾಗಲಿಲ್ಲ.

ಹುಡುಗರ ಕಡೆಯಿಂದ ಬಂದ ಪ್ರಶ್ನೆ ಬೇರೆ: "ಕೆಲಸಾನೇ ಇಲ್ಲ, 14 ಗಂಟೆದಾದ್ರೂ ಸಿಗಲಿ ಬಿಡಕ್ಕಾ." ಈ ಮಾತನ್ನು ತಳ್ಳಿಹಾಕಬಾರದು. ಅದರಲ್ಲಿ ಮನೆಯ ಸಾಲ ಇರುತ್ತದೆ, ಅಪ್ಪನ ವಯಸ್ಸು ಇರುತ್ತದೆ. ಕೂತು ಲೆಕ್ಕ ಹಾಕಿ ತೋರಿಸಿದೆವು. ಎಂಟೆಂಟು ಗಂಟೆಯ ಮೂರು ಶಿಫ್ಟ್‌ಗೆ ಮೂವರು ಬೇಕು. ಹನ್ನೆರಡರ ಎರಡು ಶಿಫ್ಟ್ ಆದರೆ ಇಬ್ಬರೇ ಸಾಕು. ಆ ಮೂರನೆಯ ಕೆಲಸ ಯಾರದ್ದು? ಈಗಷ್ಟೇ ಓದು ಮುಗಿಸಿ ಬರುವವರದ್ದೇ. ಆಮೇಲೆ ಅವರೇ ಪಕ್ಕದ ರೂಮಿನವರಿಗೆ ಹೇಳತೊಡಗಿದರು.

ಪ್ರತಿಭಟನೆ ದಿನ ಮೆಜೆಸ್ಟಿಕ್‌ನಲ್ಲಿ ಸೇರಿ ನಡೆದೇ ಹೋದೆವು, 26 ಜನ. ಬಂದವರಲ್ಲಿ ಜಾಸ್ತಿ ಮಂದಿಗೆ ಅದೇ ಮೊದಲು. ಹಾಗಾಗಿ ಮನೆಯಲ್ಲಿ ಹೇಳಿ ಬನ್ನಿ, ಒಬ್ಬರನ್ನೊಬ್ಬರು ಬಿಡಬೇಡಿ ಅಂತ ಮೊದಲೇ ಹೇಳಿದ್ದೆವು. ಪಾರ್ಕಿನ ಗೇಟಿನ ಹತ್ತಿರ ಒಬ್ಬಳು ನನ್ನ ಕೈ ಗಟ್ಟಿಯಾಗಿ ಹಿಡಿದಳು. ಸ್ವಲ್ಪ ಹೊತ್ತಿಗೆ ಅವಳೇ ಘೋಷಣೆ ಕೂಗುತ್ತಿದ್ದಳು.

ಆ ತಿದ್ದುಪಡಿ ಆಗ ಮುಂದೆ ಹೋಗಲಿಲ್ಲ. 2025ರ ಜೂನ್‌ನಲ್ಲಿ ಬೇರೆ ರೂಪದ ಪ್ರಸ್ತಾವವಾಗಿ ಬಂತು: ದಿನಕ್ಕೆ 10 ಗಂಟೆ, ಓಟಿ ಸೇರಿ 12. ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳೂ (ಹಳೆಯ ಕಾರ್ಮಿಕ ಕಾಯ್ದೆಗಳನ್ನು ಒಟ್ಟುಗೂಡಿಸಿದ ಹೊಸ ಕಾನೂನುಗಳು) ಜಾರಿಗೆ ಬಂದವು. 300ಕ್ಕಿಂತ ಕಡಿಮೆ ಜನ ಇರುವ ಕಾರ್ಖಾನೆ ಕೆಲಸಗಾರರನ್ನು ತೆಗೆಯಲು ಈಗ ಸರ್ಕಾರದ ಅನುಮತಿ ಬೇಕಿಲ್ಲ. ಮೊದಲು ಆ ಮಿತಿ 100 ಇತ್ತು. ಹೊಸ ಕರಪತ್ರ ಬೇಕಾಯಿತು.

ಕರಡನ್ನು ಅಮ್ಮನಿಗೆ ಕೊಟ್ಟೆ, ಅವಳ ದಿನ ತುಂಬಿಸು ಅಂತ. ಫ್ಯಾಕ್ಟರಿಗೆ ನೀಲಿ, ನಿದ್ದೆಗೆ ಹಸಿರು ಹಾಕಿದಳು. ಆಮೇಲೆ ಪೆನ್ ಎತ್ತಿಕೊಂಡೇ ಕೇಳಿದಳು, "ಅಡುಗೆ, ನೀರು ಹಿಡಿಯೋದು, ಪಾತ್ರೆ, ಇದಕ್ಕೆ ಯಾವ ಬಣ್ಣ?"

ನಾವು ಆ ಬಣ್ಣ ಇಟ್ಟಿರಲೇ ಇಲ್ಲ. ಈಗಿನ ಕರಪತ್ರದಲ್ಲಿ ಇದೆ, ಕೆಂಪು.