ಬೆಲ್ಲದ ಗುಂಡಿಯಲ್ಲಿ ಎದ್ದ ಜೀಪು

ನಾನೇ ತುಕ್ಕು ಬಿಡಿಸಿದ ಹಳೇ ಜೀಪಿಗೆ ಪೇಂಟು ಹೊಡೆದ ಮೇಲೆ ಎರಡು ಮಳೆಗಾಲ ಕಳೆದಿವೆ. ನಮ್ಮ ಕೊಪ್ಪದ ಕಡೆಯ ಮಳೆ. ಬಾಡಿಯ ಮೇಲೆ, ಒಂದು ಜಾಗ ಬಿಟ್ಟರೆ, ಗುಳ್ಳೆ ಎದ್ದಿಲ್ಲ. ಆ ಒಂದು ಜಾಗದ ಕಥೆ ಆಮೇಲೆ ಹೇಳುತ್ತೇನೆ. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಕ್ಕೆ ಕಾರಣ ಇದೇ: ಮೊದಲೇ ಬರೆದು, ಜುಲೈನಲ್ಲಿ ತಗಡು ಮತ್ತೆ ಕೆಂಪಾಗಿದ್ದರೆ ಗ್ಯಾರೇಜಿನ ಮೇಸ್ತ್ರಿ ಮುಖ ನೋಡೋದು ಹೇಗೆ?

ಗಾಡಿ 1991ರ ಮಹೀಂದ್ರಾ ಎಂಎಂ 540 ಜೀಪು. ಪೂಜೋ ಎಂಜಿನ್ನಿನದು, 2112 ಸಿಸಿ. ಒಂದು ಕಾಫಿ ತೋಟದ ಪಲ್ಪರ್ ಶೆಡ್ಡಿನಲ್ಲಿ ಆರು ವರ್ಷ ನಿಂತಿತ್ತು. ಹಿಂದಿನ ಸೀಟಿನ ತುಂಬ ಕಟ್ಟಿಗೆ ಒಟ್ಟಿದ್ದರು. ಒಂದು ಲಕ್ಷದ ಹತ್ತು ಸಾವಿರ ಅಂದರು, 82ಕ್ಕೆ ಕುದುರಿತು. ಬಾನೆಟ್ ಎತ್ತುವುದಕ್ಕಿಂತ ಮೊದಲು ನಾನು ನೋಡಿದ್ದು ಎರಡೇ: ಆರ್‌ಸಿಯಲ್ಲಿ ಹೆಸರಿದ್ದವರು ಬದುಕಿದ್ದಾರಾ, ಬಂದು ಸಹಿ ಹಾಕುತ್ತಾರಾ ಅನ್ನೋದು ಒಂದು, ಚಾಸಿ ನಂಬರ್ ತುಕ್ಕಿನಡಿ ಓದಲು ಬರುತ್ತದಾ ಅನ್ನೋದು ಇನ್ನೊಂದು. ಉಳಿದದ್ದೆಲ್ಲ ದುಡ್ಡಿಗೆ ಸಿಗುತ್ತದೆ, ಇವೆರಡು ಸಿಗುವುದಿಲ್ಲ. 2022ರ ದೀಪಾವಳಿ ಮಾರನೇ ದಿನ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದೆವು.

ಮೇಸ್ತ್ರಿ ಬಂದು ಒಂದು ಸುತ್ತು ಹಾಕಿ, ಡ್ರೈವರ್ ಕಾಲಿಡುವ ಜಾಗದಲ್ಲಿ ಹೆಬ್ಬೆರಳು ಒತ್ತಿದರು. ಬೆರಳು ತಗಡಿನ ಆಚೆ ಹೋಯಿತು. "ಇದನ್ನ ಗುಜರಿಗೆ ಹಾಕಿ ಗೌಡ್ರೇ. ಹರಿಯಾಣದ ಡಬ್ವಾಲಿಯಿಂದ ಹೊಸ ಬಾಡಿ ಬರ್ತದೆ, ಕೂರಿಸಿ ಕೊಡ್ತೇನೆ." ಬಾಡಿ, ಲಾರಿ ಬಾಡಿಗೆ, ಕೂರಿಸುವ ಕೂಲಿ ಎಲ್ಲ ಸೇರಿ ಒಂದು ಲಕ್ಷದ ಇಪ್ಪತ್ತು ಸಾವಿರದ ಲೆಕ್ಕ ಹೇಳಿದರು. ಹೊಸ ಬಾಡಿ ಹಾಕಿದ ಜೀಪು ನಮ್ಮೂರಲ್ಲಿ ಮೂರಿವೆ. ನನಗೆ ಅವುಗಳ ಬಾಗಿಲ ಸಂದು ಹಿಡಿಸಲಿಲ್ಲ, ತಟ್ಟಿದರೆ ಎಣ್ಣೆ ಡಬ್ಬದ ಸದ್ದು ಬರುತ್ತದೆ. ಇದು ಹೇಳಿಕೊಳ್ಳುವ ಕಾರಣ. ನಿಜ ಏನೆಂದರೆ ಆ ವರ್ಷ ಕೊಳೆ ರೋಗಕ್ಕೆ ಅರ್ಧ ಅಡಿಕೆ ಉದುರಿತ್ತು, ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ.

ತುಕ್ಕು ತಿನ್ನಲು ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿಯ ನೀರು ಆಗುತ್ತದೆ ಅನ್ನೋದು ಹಳೇ ಗಾಡಿಯವರಿಗೆ ಗೊತ್ತಿರುವುದೇ. ಕಷ್ಟ ಇರೋದು ಕಾಕಂಬಿ ಸಿಗುವುದರಲ್ಲಿ. ಅದು ಅಬಕಾರಿ ಲೆಕ್ಕದ ಸರಕು, ಬ್ಯಾರಲ್ ಹಿಡಿದುಕೊಂಡು ಹೋಗಿ ಕೇಳುವ ಹಾಗಿಲ್ಲ. ಮಂಡ್ಯ ಕಡೆಯ ಒಂದು ಆಲೆಮನೆಯಲ್ಲಿ ನೀರೊಡೆದ ಬೆಲ್ಲ ದನಕ್ಕೆ ಅಂತ ಕೊಡುತ್ತಿದ್ದರು, ಕಿಲೋಗೆ ಹದಿನಾಲ್ಕೋ ಹದಿನೈದೋ. ಮೂರು ಕ್ವಿಂಟಾಲ್ ಚಿಲ್ಲರೆ ತಂದೆ. ಅಡಿಕೆ ಕಣದ ಮೂಲೆಯಲ್ಲಿ ಒಂಬತ್ತಡಿ ಉದ್ದ, ಆರಡಿ ಅಗಲ, ಎರಡೂವರೆ ಅಡಿ ಆಳದ ಗುಂಡಿ ತೆಗೆಸಿ, ಕೃಷಿಹೊಂಡಕ್ಕೆ ಹಾಸುವ ಟಾರ್ಪಾಲು ಹಾಸಿ, ಒಂದು ಪಾಲು ಬೆಲ್ಲಕ್ಕೆ ಒಂಬತ್ತು ಪಾಲು ನೀರಿನ ಅಂದಾಜಿನಲ್ಲಿ ಕಲಸಿದೆ. ಮೂರು ಸಾವಿರ ಲೀಟರ್ ಹಿಡಿಯಿತು.

ನಾಲ್ಕನೇ ದಿನಕ್ಕೆ ನೊರೆ ಬಂತು, ಆರನೇ ದಿನಕ್ಕೆ ವಾಸನೆ ರಸ್ತೆ ಮುಟ್ಟಿತು. ನಾನು ಕಳ್ಳಭಟ್ಟಿ ಇಳಿಸುತ್ತಿದ್ದೇನೆ ಅಂತ ಊರಲ್ಲಿ ಸುದ್ದಿ. ಒಬ್ಬರು ಸಂಜೆ ಹೊತ್ತು ಬಾಟಲಿ ಹಿಡಿದುಕೊಂಡೇ ಬಂದರು. ಗುಂಡಿಯೊಳಗೆ ಬಾನೆಟ್ಟು, ಮಡ್‌ಗಾರ್ಡು, ಗಾಜಿನ ಫ್ರೇಮು ಮಲಗಿರುವುದನ್ನು ನೋಡಿ ಮಾತಾಡದೆ ವಾಪಸು ಹೋದರು. "ರೀ, ಮನೆಗೆ ಪೊಲೀಸ್ನೋರು ಬಂದ್ರೆ ನೀವೇ ಮಾತಾಡಿ" ಅಂತ ಮನೆಯವಳು ಎಚ್ಚರಿಸಿಟ್ಟಳು. ಪೊಲೀಸರು ಬರಲಿಲ್ಲ, ಕಣಜದ ಹುಳ ಬಂದವು. ಅಡಿಕೆ ಹಾಳೆ ಮುಚ್ಚಿ, ಮೇಲೆ ಸೋಗೆ ಹೊದೆಸಿದ ಮೇಲೆ ಸ್ವಲ್ಪ ಕಡಿಮೆಯಾಯಿತು.

ಇಪ್ಪತ್ಮೂರನೇ ದಿನ ಮೊದಲು ಗಾಜಿನ ಫ್ರೇಮ್ ಎತ್ತಿದೆ. ಮೈತುಂಬ ಕರಿ ಲೋಳೆ. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಪಂಪು ಹಚ್ಚಿ ಗನ್ ಹತ್ತಿರ ಹಿಡಿದರೆ ಲೋಳೆ ಹಾಳೆಹಾಳೆಯಾಗಿ ಕಿತ್ತು ಹೋಗಿ, ಕೆಳಗಿನಿಂದ ಬೂದು ಬಣ್ಣದ ಬರೀ ಉಕ್ಕು. ಕಂಪನಿಯಲ್ಲಿ ಹಾಕಿದ ಸ್ಪಾಟ್ ವೆಲ್ಡಿಂಗಿನ ಚುಕ್ಕೆಗಳು ಒಂದೊಂದೂ ಎಣಿಸುವಂತೆ ಕಾಣುತ್ತಿದ್ದವು. ಗ್ರೈಂಡರ್ ಹಚ್ಚಿದ್ದರೆ ಆ ಚುಕ್ಕೆ ಇರುತ್ತಿರಲಿಲ್ಲ, ತಗಡೂ ಅರ್ಧ ಸವೆಯುತ್ತಿತ್ತು. ಬೆಲ್ಲದ ನೀರು ತುಕ್ಕನ್ನು ತಿನ್ನುತ್ತದೆ, ಒಳ್ಳೇ ಉಕ್ಕನ್ನು ಹೆಚ್ಚು ಮುಟ್ಟುವುದಿಲ್ಲ. ದೊಡ್ಡ ಬಾಡಿ ಪೂರ್ತಿ ಮುಳುಗುವುದಿಲ್ಲವಲ್ಲ, ಒಂದು ಮಗ್ಗುಲು ಇಪ್ಪತ್ತು ದಿನ, ಹೊರಳಿಸಿ ಇನ್ನೊಂದು ಮಗ್ಗುಲು ಇಪ್ಪತ್ತು ದಿನ ಇಟ್ಟೆ. ಹೊರಳಿಸಲು ಎಂಟು ಜನ, ಎಂಟು ಊಟ.

ಅಲ್ಯೂಮಿನಿಯಂ ಹಾಕಬೇಡಿ. ಥರ್ಮೋಸ್ಟಾಟ್ ಹೌಸಿಂಗನ್ನು 'ಇದೂ ಇರಲಿ' ಅಂತ ಹಾಕಿದೆ. ಎತ್ತಿದಾಗ ಇಲಿ ಕಡಿದ ಕೊಬ್ಬರಿ ಹಾಗಿತ್ತು. ಜೆ.ಸಿ. ರೋಡಿನಲ್ಲಿ ಹಳೇದೊಂದು ಹುಡುಕಲು ಮೂರು ಸಲ ಬೆಂಗಳೂರು ಬಸ್ಸು ಹತ್ತಿದೆ.

ಇನ್ನು ಮುಖ್ಯ ವಿಷಯ. ಗುಂಡಿಯಿಂದ ಎತ್ತಿ ತೊಳೆದ ಉಕ್ಕು ಒಂದು ಗಂಟೆಯೊಳಗೆ ಕಣ್ಣೆದುರೇ ಕೆಂಪಾಗುತ್ತದೆ. ಹೆಚ್ಚಿನವರು ಸೋಲುವುದೇ ಇಲ್ಲಿ. ಮೊದಲ ಮಡ್‌ಗಾರ್ಡಿಗೆ ಅಂಗಡಿಯ ರಸ್ಟ್ ಕನ್ವರ್ಟರ್ ಹಚ್ಚಿದೆ, ಲೀಟರಿಗೆ ಏಳುನೂರು ಚಿಲ್ಲರೆ. ಇಡೀ ಗಾಡಿಗೆ ಲೆಕ್ಕ ಹಾಕಿದಾಗ ಎದೆ ಝಲ್ಲೆಂದಿತು. ಅದೇ ವಾರ ಅಮ್ಮ ಹಂಡೆಯ ಚೊಗರು, ಅಂದರೆ ಅಡಿಕೆ ಬೇಯಿಸಿದ ಒಗರು ನೀರು, ಬಸಿಯುತ್ತಿದ್ದಳು. ಹಸಿ ಅಡಿಕೆ ಸುಲಿಯುವ ಕತ್ತಿ ಯಾಕೆ ಕಪ್ಪಾಗುತ್ತದೆ ಅಂತ ನಾವು ಯಾರೂ ಕೇಳಿಕೊಂಡಿರಲಿಲ್ಲ. ಚೊಗರಿನ ಟ್ಯಾನಿನ್ನು ಕಬ್ಬಿಣಕ್ಕೆ ಸೇರಿದರೆ ಕಪ್ಪು; ಅಂಗಡಿಯ ಡಬ್ಬಿಯಲ್ಲಿ ಇದ್ದದ್ದೂ ಟ್ಯಾನಿಕ್ ಆಸಿಡ್ಡೇ. ಒಂದು ತಗಡಿನ ತುಂಡಿಗೆ ಬ್ರಷ್ಷಿನಲ್ಲಿ ಹಚ್ಚಿದೆ. ಮೊದಲು ನೇರಳೆ, ಕಾಫಿ ಕುಡಿದು ಬರುವಷ್ಟರಲ್ಲಿ ಇದ್ದಿಲ ಕಪ್ಪು. ಆ ತುಂಡನ್ನು ಬಚ್ಚಲ ಹಿಂದೆ ಎರಡು ವಾರ ನೇತುಹಾಕಿದೆ, ಅಂಚು ಬಿಟ್ಟರೆ ಕೆಂಪಾಗಲಿಲ್ಲ. ಬರೀ ಚೊಗರು ಸಾಲದು, ಅದಕ್ಕೆ ಇನ್ನೊಂದು ಸೇರಿಸಬೇಕು. ಅದೇನು ಅಂತ ಇಲ್ಲಿ ಬರೆಯುವುದಿಲ್ಲ. ಅಡುಗೆಮನೆಯಲ್ಲೇ ಇರುವ ವಸ್ತು, ಹುಡುಕುವವರಿಗೆ ಸಿಗುತ್ತದೆ. ಚಾಸಿ ಒಳಗಡೆಗೂ ಅದನ್ನೇ ಸಿರಿಂಜಿನಲ್ಲಿ ಬಿಟ್ಟು, ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್ ಹೊಡೆದೆ.

ಬೆಲ್ಲ ಇಪ್ಪತ್ತು ದಿನ ಕಾಯಿಸುತ್ತದಲ್ಲ, ಬ್ರೇಕ್ ಡ್ರಮ್ಮಿಗೆ ಅಷ್ಟು ತಾಳ್ಮೆ ಇರಲಿಲ್ಲ. ಬಕೆಟ್ಟಿಗೆ ಒಂದು ಮುಷ್ಟಿ ವಾಷಿಂಗ್ ಸೋಡಾ ಹಾಕಿ, ಬ್ಯಾಟರಿ ಚಾರ್ಜರಿನ ನೆಗೆಟಿವ್ ಡ್ರಮ್ಮಿಗೆ, ಪಾಸಿಟಿವ್ ಒಂದು ತುಂಡು ಸೆಂಟ್ರಿಂಗ್ ಕಂಬಿಗೆ. ರಾತ್ರಿ ಬೆಳಗಾಗುವುದರಲ್ಲಿ ಕೆಲಸ ಮುಗಿಯಿತು. ಬಾವ ಕಂಬಿ ಬದಲು ಸ್ಟೀಲ್ ತಟ್ಟೆ ಕಟ್ಟಲು ಹೊರಟಿದ್ದ, ತಡೆದೆ. ಸ್ಟೇನ್‌ಲೆಸ್ ಕಟ್ಟಿದರೆ ಅದರ ಕ್ರೋಮಿಯಂ ನೀರಿಗೆ ಬಿಟ್ಟು ವಿಷವಾಗುತ್ತದೆ. ಮಾಡುವುದಾದರೆ ಬಯಲಲ್ಲೇ ಮಾಡಿ, ಬಕೆಟ್ಟಿನಿಂದ ಏಳುವುದು ಹೈಡ್ರೋಜನ್. ಹತ್ತಿರ ಬೀಡಿ ಹಚ್ಚಬಾರದು.

ವೆಲ್ಡಿಂಗಿನಲ್ಲಿ ನನ್ನದೇ ದಡ್ಡತನ. ತಿಂದು ಹೋದ ನೆಲ ಪೂರ್ತಿ ಕತ್ತರಿಸಿ ತೆಗೆದೆ, ಬಾಗಿಲ ಜಾಗಕ್ಕೆ ಅಡ್ಡ ಕಂಬಿ ಹಾಕದೆ. ಮಾರನೇ ದಿನ ಬಾಗಿಲು ಹಿಡಿದು ನೋಡಿದರೆ ಬಲಗಡೆ ಮುಕ್ಕಾಲು ಇಂಚು ಬಾಯಿ ಬಿಟ್ಟಿದೆ. ಚೈನ್ ಬ್ಲಾಕ್ ಹಾಕಿ ಎಳೆದು, ಕರ್ಣ ಅಳೆದು ಅಳೆದು ಸರಿಗೆ ತರಲು ನಾಲ್ಕು ಭಾನುವಾರ ಹೋದವು. ವೆಲ್ಡಿಂಗಿಗೆ ಹದಿನೆಂಟು ಸಾವಿರ ಅಂದುಕೊಂಡದ್ದು ಮೂವತ್ತನಾಲ್ಕಾಯಿತು.

ಎಂಜಿನ್ ಜಾಮ್. ಮೇಸ್ತ್ರಿ ಲೈನರ್, ಪಿಸ್ಟನ್, ಲೇಥ್ ಕೆಲಸ ಅಂತ ಅರವತ್ತು ಸಾವಿರ ಹೇಳಿದರು. ನಾನು ಡೀಸೆಲ್ ಚಿಮ್ಮಿಸುವ ನಾಲ್ಕೂ ನಾಝಲ್ ಬಿಚ್ಚಿ, ಆ ತೂತುಗಳಲ್ಲಿ ಪವರ್ ಸ್ಟೀರಿಂಗ್ ಆಯಿಲ್ಲು, ಡೀಸೆಲ್ಲು ಅರ್ಧರ್ಧ ಬಿಟ್ಟು ಹನ್ನೆರಡು ದಿನ ಸುಮ್ಮನಿದ್ದೆ, ದಿನಾ ಸಂಜೆ ಸ್ವಲ್ಪ ಸ್ವಲ್ಪ ತುಂಬಿಸುತ್ತ. ಆಮೇಲೆ ಟಾಪ್ ಗೇರಿಗೆ ಹಾಕಿ ಇಬ್ಬರು ಹಿಂದೆ ಮುಂದೆ ತೂಗಿದೆವು. ಮೊದಲ ದಿನ ಅಲುಗಲಿಲ್ಲ. ಮೂರನೇ ದಿನ 'ಟಕ್' ಅಂತ ಒಂದು ಸದ್ದು, ಫ್ಯಾನು ಒಂದು ಬೆರಳಷ್ಟು ತಿರುಗಿತು. ಬಾವ ಕೂಗಿದ ಕೂಗಿಗೆ ಪಕ್ಕದ ತೋಟದವರು ಹಾವು ಕಚ್ಚಿತು ಅಂತ ಓಡಿ ಬಂದರು. ನಾಝಲ್ ಕೂರಿಸುವ ಮುಂಚೆ ಸೆಲ್ಫ್ ಹೊಡೆದು ಆ ಎಣ್ಣೆಯನ್ನೆಲ್ಲ ಹೊರಹಾಕಲೇಬೇಕು, ಇಲ್ಲದಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಹೊರಹಾಕುವಾಗ ಎದುರು ಯಾರೂ ನಿಲ್ಲಬಾರದು; ನಮ್ಮ ಶೆಡ್ಡಿನ ಸುಣ್ಣದ ಗೋಡೆಯ ಮೇಲೆ ನಾಲ್ಕು ಪಟ್ಟೆ ಇನ್ನೂ ಇವೆ. ಪಂಪು, ನಾಝಲ್ಲು ಮಾತ್ರ ಹೊರಗೆ ಕೊಟ್ಟು ಮಾಡಿಸಿದೆ. ಕ್ಲಚ್ಚು, ಸೀಲು, ಹೀಟರ್ ಪ್ಲಗ್ಗು ಸೇರಿ ಎಂಜಿನ್ ಕಡೆಗೆ ನಲವತ್ತೈದು, ನಲವತ್ತಾರು ಸಾವಿರ. ಹೊಗೆ ಸ್ವಲ್ಪ ಇದೆ. ಬೆಳಿಗ್ಗೆ ಹೊತ್ತು ಜಾಸ್ತಿ, ಒಪ್ಪಿಕೊಳ್ಳುತ್ತೇನೆ.

ಓಡಿಸಲು ಶುರುಮಾಡಿದ ಮೇಲೆ ನಲವತ್ತರ ವೇಗಕ್ಕೆ ಸ್ಟೀರಿಂಗ್ ಕೈ ಕಿತ್ತು ಹೋಗುವಂತೆ ನಡುಗುತ್ತಿತ್ತು. ಟಯರ್ ಅಂದರು, ಡ್ರ್ಯಾಗ್ ಲಿಂಕ್ ಅಂದರು, ಎಲ್ಲಕ್ಕೂ ದುಡ್ಡು ಸುರಿದೆ. ಕೊನೆಗೆ ನೋಡಿದರೆ ಮುಂದಿನ ಚಕ್ರ ಹೊರಳುವ ಕಿಂಗ್‌ಪಿನ್ ಬೇರಿಂಗಿನ ಶಿಮ್, ಸಂದಿಗೆ ಕೊಡುವ ತೆಳು ತಗಡು. ಸೀಲೂ ಟೈ ರಾಡೂ ತೆಗೆದು, ಅಡಿಕೆ ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಸ್ಟೀರಿಂಗ್ ಆರ್ಮಿಗೆ ಸಿಕ್ಕಿಸಿ ಎಳೆದಾಗ ಆರೇಳು ಕಿಲೋಗೆ ತಿರುಗಬೇಕು. ನನ್ನದು ಒಂದೇ ಬೆರಳಿಗೆ ತಿರುಗುತ್ತಿತ್ತು. ಶಿಮ್ ತೆಗೆದೆ, ನಡುಕ ನಿಂತಿತು.

ಬಣ್ಣಕ್ಕೆ ಬಾವ ಮಿಲಿಟರಿ ಹಸಿರು ಅಂತ ಹಟ ಹಿಡಿದ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆಲಿವ್ ಹಸಿರು ಸೇನೆಯ ಗಾಡಿಗಳಿಗೆ ಮಾತ್ರ. ಆರ್‌ಸಿಯಲ್ಲಿ ಬಿಳಿ ಇತ್ತು, ಬಿಳಿಯೇ ಹೊಡೆದೆ. ಅವಸರಕ್ಕೆ ಬಿದ್ದು ಜೂನ್ ಎರಡನೇ ವಾರ ಹೊಡೆದೆ ನೋಡಿ. ಗಾಳಿಯಲ್ಲಿ ಅಷ್ಟು ತೇವ ಇಟ್ಟುಕೊಂಡು ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಹೊಡೆದರೆ ಇನ್ನೇನಾಗುತ್ತದೆ? ಮೈತುಂಬ ಬೂದಿ ಹಿಡಿದ ಹಾಗೆ ಮಂಕು. ಹನ್ನೊಂದು ಸಾವಿರ ನೀರಿಗೆ ಹೋಯಿತು. ಎಲ್ಲ ಉಜ್ಜಿ, ಡಿಸೆಂಬರಿನಲ್ಲಿ ಪಿಯು (ಪಾಲಿಯುರೆಥೇನ್) ಪೇಂಟ್ ಹೊಡೆಸಿದೆ, ಇಪ್ಪತ್ತೇಳು ಸಾವಿರ. ಗುಳ್ಳೆ ಎದ್ದ ಆ ಒಂದು ಜಾಗ ಎಡ ಬಾಗಿಲ ಕೆಳಗಿನ ಟೊಳ್ಳು ಬಾಕ್ಸು. ಒಳಗೆ ಉಳಿದಿದ್ದ ಬೆಲ್ಲದ ನೀರು ಪೇಂಟಾದ ಮೇಲೆ ಕಂದಗೆ ಜಿನುಗಿತು. ಬಾಕ್ಸಿನ ಅಡಿಗೆ ತೂತು ಹಾಕಿ ಸುಣ್ಣದ ತಿಳಿ ಬಿಟ್ಟು ತೊಳೆಯಬೇಕಿತ್ತು. ಉಳಿದ ಮೂರು ಬಾಕ್ಸಿಗೆ ಆಮೇಲೆ ಹಾಗೇ ಮಾಡಿದೆ.

ಕಾಗದದ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಆರ್‌ಸಿ 2021ರಲ್ಲೇ ಮುಗಿದಿತ್ತು. ನಾನು ಕಟ್ಟಿದಾಗ ನವೀಕರಣ ಶುಲ್ಕ 5,000, ಅದರ ಮೇಲೆ ತಡವಾದ ಒಂದೊಂದು ತಿಂಗಳಿಗೂ 500. ಮೂವತ್ತು ತಿಂಗಳ ಹತ್ತಿರ ಆಗಿತ್ತು. ಇನ್ಶೂರೆನ್ಸ್ ಎಲ್ಲ ಸೇರಿ ಮೂವತ್ತು ಸಾವಿರ ಮುಟ್ಟಿತು. ಗಾಡಿ ಶೆಡ್ಡಿನಲ್ಲಿ ನಿಂತಿದ್ದರೂ ಮೀಟರು ಓಡುತ್ತಲೇ ಇರುತ್ತದೆ.

ಟಯರು, ಬ್ರೇಕು, ವೈರಿಂಗು, ಪ್ಲೇಟು ಎಲ್ಲ ಸೇರಿ, ಕೊಂಡ ರೇಟೂ ಹಿಡಿದು, ಮೂರು ಲಕ್ಷದ ಮೂವತ್ತು ಸಾವಿರದ ಆಸುಪಾಸು. ಮನೆಯಲ್ಲಿ ಹೇಳಿರುವುದು ಎರಡೂವರೆ. ಬೆಲ್ಲಕ್ಕೂ ಟಾರ್ಪಾಲಿಗೂ ಲಾರಿಗೂ ಆದದ್ದು ಹತ್ತು ಸಾವಿರ. ಹೊಸ ಬಾಡಿಗೆ ಹೇಳಿದ್ದು ಒಂದು ಲಕ್ಷದ ಇಪ್ಪತ್ತು. ವೆಲ್ಡಿಂಗ್ ಸೇರಿಸಿದರೂ ನಾನೇ ಗೆದ್ದೆ. ನನ್ನ ಕೂಲಿ ಹಾಕಿದರೆ ಸೋತೆ, ಅದನ್ನು ಯಾರು ಹಾಕುತ್ತಾರೆ?

ಕಳೆದ ಆಗಸ್ಟಿನಲ್ಲಿ ಹೊಳೆ ಕಡೆಯ ತೋಟದಿಂದ ಉದುರಿದ ಅಡಿಕೆ ಎಂಟು ಮೂಟೆ ಹೇರಿಕೊಂಡು, ಜಾರುವ ಮಣ್ಣಿನ ಏರನ್ನು ಲೋ ಸೆಕೆಂಡ್ ಗೇರಿನಲ್ಲಿ ಹತ್ತಿಸಿದೆ. ಪಕ್ಕದಲ್ಲಿ ಕೂತಿದ್ದ ಮೇಸ್ತ್ರಿ ಮೇಲೆ ಬರುವವರೆಗೂ ಕಾಲಡಿಯ ತಗಡನ್ನು ಹಿಮ್ಮಡಿಯಲ್ಲಿ ಗುದ್ದಿ ಗುದ್ದಿ ನೋಡುತ್ತಿದ್ದರು. ಏನೂ ಹೇಳಲಿಲ್ಲ. ಮೊನ್ನೆ ಎರಡು ಖಾಲಿ ಕ್ಯಾನು ಹಿಡಿದುಕೊಂಡು ಬಂದು, ಗಿರಾಕಿಯದೊಂದು ಹಳೇ ಜೀಪಿದೆ, ಸ್ವಲ್ಪ ಚೊಗರು ಬೇಕಿತ್ತು ಅಂದರು. ತುಂಬಿಸಿ ಕೊಟ್ಟೆ. ಇನ್ನೊಂದು ಏನು ಸೇರಿಸಬೇಕು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.