ತರಗತಿಗೆ ಸ್ಲೈಡ್ ಕಟ್ಟುವುದು: ಮಾರಿಕಣಿವೆಯ ಪಾಠವನ್ನು ಮುಂದಿಟ್ಟುಕೊಂಡು

ಚಿತ್ರದುರ್ಗ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಪ್ರೊಜೆಕ್ಟರ್ ಇಲ್ಲವೇ ದೊಡ್ಡ ಟಿ.ವಿ. ಕಾಣಿಸುವುದು ಈಗ ಹೊಸ ಸಂಗತಿಯಲ್ಲ. ಅದರ ಮೇಲೆ ಏನನ್ನು ತೋರಿಸಬೇಕು ಎಂಬ ಪ್ರಶ್ನೆ ಮಾತ್ರ ಇನ್ನೂ ಹಾಗೆಯೇ ಉಳಿದಿದೆ. ಪಠ್ಯಪುಸ್ತಕದ ವಾಕ್ಯಗಳನ್ನೇ ಸಾಲು ಸಾಲಾಗಿ ಸ್ಲೈಡಿಗೆ ಇಳಿಸಿ, ಮಕ್ಕಳಿಗೆ ಬೆನ್ನು ಹಾಕಿ ಅದನ್ನು ಓದುತ್ತ ಹೋದರೆ, ಅವರ ಕೈಯಲ್ಲೇ ಇರುವ ಪುಸ್ತಕವನ್ನು ಗೋಡೆಯ ಮೇಲೂ ಹಾಕಿದಂತಾಗುತ್ತದೆ, ಅಷ್ಟೇ. ಕರಿಹಲಗೆಯ ಮೇಲೆ ಬರೆದು, ಬಾಯಿಮಾತಿನಲ್ಲಿ ಹೇಳಿ ತಿಳಿಸಲಾಗದ್ದನ್ನು ಮಾತ್ರ ಸ್ಲೈಡಿಗೆ ಒಪ್ಪಿಸಬೇಕು ಎಂಬ ನಿಲುವಿನಿಂದ ಇಲ್ಲಿನ ಸಲಹೆಗಳೆಲ್ಲ ಹೊರಡುತ್ತವೆ. ಉದಾಹರಣೆಗಾಗಿ ಹಿರಿಯೂರು ತಾಲ್ಲೂಕಿನ ವಾಣಿ ವಿಲಾಸ ಸಾಗರವನ್ನು, ಅಂದರೆ ನಮ್ಮ ಕಡೆಯ ಜನ ಮಾರಿಕಣಿವೆ ಎಂದೇ ಕರೆಯುವ ಜಲಾಶಯವನ್ನು, ಎಂಟನೆಯ ಅಥವಾ ಒಂಬತ್ತನೆಯ ತರಗತಿಗೆ 40 ನಿಮಿಷದ ಒಂದು ಪಿರಿಯಡ್ಡಿನಲ್ಲಿ ಪಾಠ ಮಾಡುವುದೆಂದು ಇಟ್ಟುಕೊಳ್ಳೋಣ.

ಮೊದಲು ಕಾಗದ, ಆಮೇಲೆ ಕಂಪ್ಯೂಟರ್

ಪವರ್‌ಪಾಯಿಂಟ್ ತೆರೆದ ಕೂಡಲೇ ಅದು ಶೀರ್ಷಿಕೆಯನ್ನೂ ಚುಕ್ಕೆ ಹಾಕಿದ ಸಾಲುಗಳನ್ನೂ ಕೇಳುತ್ತದೆ. ಕೇಳಿದ್ದನ್ನು ಕೊಡುತ್ತ ಹೋದರೆ ಪಾಠದ ಆಕಾರವನ್ನು ಯಂತ್ರವೇ ನಿರ್ಧರಿಸಿಬಿಡುತ್ತದೆ. ಆದ್ದರಿಂದ ಒಂದು ಹಾಳೆಯ ಮೇಲೆ ಮೊದಲು ಪ್ರಶ್ನೆಗಳನ್ನು ಬರೆದುಕೊಳ್ಳಬೇಕು. ಈ ನೀರು ಎಲ್ಲಿಂದ ಬರುತ್ತದೆ? ಕಟ್ಟೆಯನ್ನು ಇದೇ ಜಾಗದಲ್ಲಿ ಏಕೆ ಕಟ್ಟಿದರು? 1898ರಿಂದ 1907ರ ನಡುವೆ ಮೈಸೂರು ಸಂಸ್ಥಾನ ಕಟ್ಟಿಸಿದ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ ಏಕೆ ಕಾಯಬೇಕಾಯಿತು? ಈ ಮೂರು ಪ್ರಶ್ನೆಗಳು ಒಂದು ಪಿರಿಯಡ್ಡಿಗೆ ಧಾರಾಳವಾಗಿ ಸಾಕು.

ಈಗ ಪ್ರತಿಯೊಂದು ಪ್ರಶ್ನೆಯ ಎದುರು, ಅದಕ್ಕೆ ಬೇಕಾದದ್ದು ಚಿತ್ರವೋ ನಕ್ಷೆಯೋ ಧ್ವನಿಯೋ ಚಲಿಸುವ ದೃಶ್ಯವೋ, ಇಲ್ಲವೇ ಬರೀ ಮಾತೋ ಎಂದು ಗುರುತು ಹಾಕಿಕೊಳ್ಳಬೇಕು. ಮೊದಲನೆಯದಕ್ಕೆ ನಕ್ಷೆಯೇ ಬೇಕು: ಚಿಕ್ಕಮಗಳೂರಿನ ಬೆಟ್ಟಗಳಿಂದ ಇಳಿದು ಬರುವ ವೇದಾವತಿ, ಹೊಸದುರ್ಗದ ಕಡೆಯಿಂದ ಹಿರಿಯೂರಿಗೆ ಬಂದು, ಮುಂದೆ ಹಗರಿ ಎಂಬ ಹೆಸರಿನಲ್ಲಿ ತುಂಗಭದ್ರೆಯನ್ನು ಸೇರುವ ದಾರಿಯನ್ನು ಮಾತಿನಲ್ಲಿ ಎಷ್ಟು ಹೇಳಿದರೂ ಮಗುವಿನ ಕಣ್ಣಿಗೆ ಕಟ್ಟುವುದಿಲ್ಲ. ಎರಡನೆಯದಕ್ಕೆ ಹಂತಹಂತವಾಗಿ ಬೆಳೆಯುವ ಚಿತ್ರ ಬೇಕು. ಮೂರನೆಯದಕ್ಕೆ ಚಿತ್ರಕ್ಕಿಂತ ಚರ್ಚೆ ಮುಖ್ಯ. ಜಲಾನಯನ ಪ್ರದೇಶದ ಮಳೆ, ಮೇಲ್ಭಾಗದಲ್ಲಿ ನಿಂತುಬಿಡುವ ನೀರು, ಈಚಿನ ವರ್ಷಗಳಲ್ಲಿ ಭದ್ರಾ ಮೇಲ್ದಂಡೆ ಯೋಜನೆಯಿಂದ ಹರಿದುಬರತೊಡಗಿದ ನೀರು, ಇವನ್ನೆಲ್ಲ ಮಕ್ಕಳ ಬಾಯಿಂದಲೇ ಹೊರಡಿಸಿ ಕರಿಹಲಗೆಯ ಮೇಲೆ ಬರೆಯುವುದು ಲೇಸು. ವಾಣಿ ವಿಲಾಸ ಎಂಬುದು ಅಂದಿನ ರಾಜಪ್ರತಿನಿಧಿ ಮಹಾರಾಣಿಯವರ ಹೆಸರು ಎಂಬುದನ್ನು ಬಾಯಲ್ಲಿ ಹೇಳಿದರೆ ಸಾಕು, ಅದಕ್ಕೊಂದು ಸ್ಲೈಡ್ ಬೇಕಿಲ್ಲ. ಹೀಗೆ ಸೋಸಿದಾಗ ಎಂಟೋ ಒಂಬತ್ತೋ ಸ್ಲೈಡ್ ಉಳಿಯುತ್ತವೆ. ಅದಕ್ಕಿಂತ ಹೆಚ್ಚಾದರೆ ಪಿರಿಯಡ್ ಮುಗಿಯುವ ಹೊತ್ತಿಗೆ ಗಡಿಬಿಡಿಯಲ್ಲಿ ಸ್ಲೈಡ್ ಹಾರಿಸುವ ಪ್ರಸಂಗ ಬರುತ್ತದೆ.

ಕನ್ನಡ ಅಕ್ಷರದ ವಿಚಾರ

ಕನ್ನಡದಲ್ಲಿ ಸ್ಲೈಡ್ ಮಾಡುವವರಿಗೆ ಎದುರಾಗುವ ಮೊದಲ ತೊಡಕು ಫಾಂಟಿನದು. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಫೈಲನ್ನು, ಆ ಫಾಂಟ್ ಇಲ್ಲದ ಶಾಲೆಯ ಕಂಪ್ಯೂಟರಿನಲ್ಲಿ ತೆರೆದರೆ, ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಪರದೆ ತುಂಬ ಕಾಣಿಸಿಕೊಳ್ಳುತ್ತವೆ. ಬೆರಳಚ್ಚನ್ನು ಯೂನಿಕೋಡಿನಲ್ಲೇ, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರಸಂಕೇತದಲ್ಲೇ, ಮಾಡುವುದು ಇದಕ್ಕಿರುವ ಪರಿಹಾರ. ನುಡಿಯ ಹೊಸ ಆವೃತ್ತಿಗಳಲ್ಲಿಯೂ ಯೂನಿಕೋಡ್ ಆಯ್ಕೆ ಇದೆ, ಕೀಲಿಮಣೆ ಅದೇ ಇರುತ್ತದೆ, ಕೈಗೆ ಹೊಸ ಅಭ್ಯಾಸವೇನೂ ಬೇಕಾಗುವುದಿಲ್ಲ. ಹಳೆಯ ಟಿಪ್ಪಣಿಗಳನ್ನು ಪರಿವರ್ತಕದಿಂದ ಯೂನಿಕೋಡಿಗೆ ತಂದುಕೊಂಡಿದ್ದರೆ ಅರ್ಕಾವತ್ತು ಬರುವ ಪದಗಳನ್ನು ಒಮ್ಮೆ ಓದಿ ನೋಡಬೇಕು; ದುರ್ಗ, ವರ್ಷ, ನಿರ್ಮಾಣ ಮುಂತಾದವು ಪರಿವರ್ತನೆಯಲ್ಲಿ ಕೆಡುವ ಸಂಭವವಿದೆ, ಚಿತ್ರದುರ್ಗದ ಮೇಷ್ಟ್ರಿಗೆ ಊರಿನ ಹೆಸರೇ ತಪ್ಪಾಗಿ ಕಾಣುವುದು ಚೆನ್ನಲ್ಲ.

ವಿಂಡೋಸ್‌ನಲ್ಲಿ ಬರುವ ತುಂಗಾ ಮತ್ತು ನಿರ್ಮಲಾ ಯುಐ, ಉಚಿತವಾಗಿ ಸಿಗುವ ನೋಟೊ ಸ್ಯಾನ್ಸ್ ಕನ್ನಡ, ಈ ಮೂರರಲ್ಲಿ ಒಂದನ್ನು ಆರಿಸಿಕೊಂಡು ಇಡೀ ಪಾಠಕ್ಕೆ ಅದನ್ನೇ ಬಳಸಬೇಕು. ದೂರದಿಂದ ಓದಲು ನೋಟೊ ಸ್ಯಾನ್ಸಿನ ದಪ್ಪ ಅಕ್ಷರ ಹೆಚ್ಚು ಅನುಕೂಲ. ಬೇರೆ ಕಂಪ್ಯೂಟರಿನಲ್ಲಿ ತೋರಿಸುವುದಿದ್ದರೆ ಪವರ್‌ಪಾಯಿಂಟಿನ ಫೈಲ್, ಆಪ್ಷನ್ಸ್, ಸೇವ್ ಎಂಬ ದಾರಿಯಲ್ಲಿ ಹೋಗಿ ಫಾಂಟನ್ನು ಫೈಲಿನೊಳಗೇ ಸೇರಿಸುವ ಆಯ್ಕೆಗೆ ಗುರುತು ಹಾಕಬೇಕು. ಉಚಿತವಾದ ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲಿ ಇದೇ ಸೌಲಭ್ಯ ಫೈಲ್ ಮೆನುವಿನ ಪ್ರಾಪರ್ಟೀಸ್‌ನಲ್ಲಿ, ಫಾಂಟ್ ಎಂಬ ವಿಭಾಗದಲ್ಲಿದೆ.

ಕನ್ನಡಕ್ಕೆ ಒತ್ತಕ್ಷರ ಇರುವುದರಿಂದ ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷ್ ಸ್ಲೈಡಿಗಿಂತ ಹೆಚ್ಚು ಬಿಡಬೇಕಾಗುತ್ತದೆ. ಮೇಲಿನ ಸಾಲಿನಲ್ಲಿ ‘ರಾಷ್ಟ್ರ’ ಎಂಬ ಪದ, ಅದರ ಕೆಳಗೇ ‘ನೀರು’ ಎಂಬ ಪದ ಬಂತೆಂದರೆ, ಷಕಾರದ ಕೆಳಗಿನ ಎರಡು ಒತ್ತುಗಳು ಕೆಳಗಿನ ದೀರ್ಘದ ನೆತ್ತಿಗೆ ತಾಗಿ ಎರಡೂ ಪದಗಳು ಕಲಸಿಹೋಗುತ್ತವೆ. ಹಿಂದಿನ ಬೆಂಚಿನ ಹುಡುಗ ಅದನ್ನು ಊಹಿಸಿಯೇ ಓದಬೇಕು. ಸಾಲಿನ ಅಂತರವನ್ನು 1.2 ಅಥವಾ 1.3ಕ್ಕೆ ಏರಿಸಿದರೆ ಈ ತೊಂದರೆ ನಿಲ್ಲುತ್ತದೆ. ಅಕ್ಷರದ ಗಾತ್ರ 28 ಪಾಯಿಂಟಿಗಿಂತ ಕಡಿಮೆ ಇರಬಾರದು, ಶೀರ್ಷಿಕೆ 40ರ ಆಸುಪಾಸಿನಲ್ಲಿರಲಿ. ಒಂದೊಂದೇ ಅಕ್ಷರ ಹಾರಿಬಂದು ಕೂರುವ ಅನಿಮೇಷನ್ನನ್ನು ಕನ್ನಡಕ್ಕೆ ಬಳಸಲೇಬಾರದು, ಏಕೆಂದರೆ ಗುಣಿತ ಚಿಹ್ನೆಗಳೂ ಒತ್ತುಗಳೂ ಮೂಲಾಕ್ಷರದಿಂದ ಬೇರ್ಪಟ್ಟು ಬರುವ ಅಪಾಯ ಅದರಲ್ಲಿದೆ.

ಅಕ್ಷರ ಸಾಕಷ್ಟು ದೊಡ್ಡದಾಗಿದೆಯೇ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ತರಗತಿಯಲ್ಲಿ ಪರದೆಯ ಮೇಲಿನ ಚಿತ್ರ ಆರು ಅಡಿ ಅಗಲವಿದ್ದು ಕೊನೆಯ ಬೆಂಚು 24 ಅಡಿ ದೂರದಲ್ಲಿದ್ದರೆ, ದೂರವು ಅಗಲದ ನಾಲ್ಕು ಪಟ್ಟು ಆಯಿತು. ಸಾಮಾನ್ಯ ಲ್ಯಾಪ್‌ಟಾಪಿನ ಪರದೆ ಸುಮಾರು ಒಂದು ಅಡಿ ಅಗಲವಿರುತ್ತದೆ. ಆದ್ದರಿಂದ ಸ್ಲೈಡನ್ನು ಪೂರ್ಣ ಪರದೆಗೆ ಹಾಕಿ ನಾಲ್ಕು ಅಡಿ ಹಿಂದೆ ಸರಿದು ನಿಂತು ಓದಿದರೆ, ಕೊನೆಯ ಬೆಂಚಿನವರು ಕಾಣುವುದನ್ನೇ ನೀವೂ ಕಾಣುತ್ತೀರಿ.

ಬೆಳೆಯುವ ಚಿತ್ರ

ಕಟ್ಟೆಯನ್ನು ಇದೇ ಜಾಗದಲ್ಲಿ ಏಕೆ ಕಟ್ಟಿದರು ಎಂಬ ಪ್ರಶ್ನೆಗೆ ಮರಳೋಣ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಯಲ್ಲಿ ನದಿ ನುಗ್ಗಿಹೋಗುತ್ತಿತ್ತು, ಅಲ್ಲಿ ಚಿಕ್ಕ ಕಟ್ಟೆ ಹಾಕಿದರೂ ಹಿಂದೆ ದೊಡ್ಡ ಕೆರೆಯಾಗುತ್ತದೆ ಎಂಬುದು ವಿಷಯ. ಇದಕ್ಕೆ ದುಬಾರಿ ಅನಿಮೇಷನ್ ಬೇಕಿಲ್ಲ. ಸ್ಲೈಡಿನ ಆಕೃತಿಗಳಿಂದಲೇ ಎರಡು ಗುಡ್ಡಗಳನ್ನೂ ನಡುವೆ ನೀಲಿ ಗೆರೆಯ ನದಿಯನ್ನೂ ಬರೆದುಕೊಳ್ಳಬೇಕು. ಆ ಸ್ಲೈಡನ್ನು ಡೂಪ್ಲಿಕೇಟ್ ಮಾಡಿ, ಎರಡನೆಯದರಲ್ಲಿ ಗುಡ್ಡಗಳನ್ನು ಕೂದಲೆಳೆಯಷ್ಟೂ ಸರಿಸದೆ ಕಟ್ಟೆಯನ್ನು ಮಾತ್ರ ಸೇರಿಸಬೇಕು. ಮತ್ತೆ ಡೂಪ್ಲಿಕೇಟ್ ಮಾಡಿ, ಮೂರನೆಯದರಲ್ಲಿ ಕಟ್ಟೆಯ ಹಿಂದೆ ನೀರನ್ನು ತುಂಬಿ, ಕೋಡಿಯ ಮಟ್ಟವಾದ 130 ಅಡಿಯ ಬಳಿ ಒಂದು ಗೆರೆ ಎಳೆಯಬೇಕು. ಸ್ಲೈಡ್‌ಗಳ ನಡುವೆ ‘ಫೇಡ್’ ಎಂಬ ಸರಳ ಬದಲಾವಣೆಯನ್ನು ಕೊಟ್ಟರೆ, ಗುಂಡಿ ಒತ್ತಿದಂತೆಲ್ಲ ಕಟ್ಟೆ ಏಳುತ್ತದೆ, ನೀರು ನಿಲ್ಲುತ್ತದೆ. ಎರಡನೆಯ ಸ್ಲೈಡಿಗೆ ಹೋಗುವ ಮುನ್ನ ನಿಂತು, ‘ನೀವಾಗಿದ್ದರೆ ಎಲ್ಲಿ ಕಟ್ಟುತ್ತಿದ್ದಿರಿ?’ ಎಂದು ಕೇಳಿ ಒಬ್ಬ ವಿದ್ಯಾರ್ಥಿನಿಯನ್ನು ಪರದೆಯ ಬಳಿಗೆ ಕರೆಯುವುದು ಈ ಇಡೀ ಪಾಠದ ಜೀವಾಳ.

ಇಂಥ ಚಿತ್ರದ ಮೇಲೆ ವಿವರಣೆಯನ್ನು ಬರೆದು ಅದನ್ನೇ ಬಾಯಲ್ಲೂ ಓದಬಾರದು. ಬಹುಮಾಧ್ಯಮ ಕಲಿಕೆಯ ಬಗ್ಗೆ ದೀರ್ಘಕಾಲ ಪ್ರಯೋಗ ನಡೆಸಿದ ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಕಂಡುಕೊಂಡ ಮುಖ್ಯ ಸಂಗತಿಗಳಲ್ಲಿ ಇದೂ ಒಂದು: ಚಿತ್ರದ ಜೊತೆಗೆ ಮಾತು ಕೇಳಿಸಿಕೊಳ್ಳುವವರು, ಚಿತ್ರದ ಜೊತೆಗೆ ಅದೇ ಮಾತನ್ನು ಕೇಳುತ್ತಲೂ ಓದುತ್ತಲೂ ಇರುವವರಿಗಿಂತ ಚೆನ್ನಾಗಿ ಕಲಿಯುತ್ತಾರೆ. ಕಣ್ಣು ಚಿತ್ರವನ್ನು ಬಿಟ್ಟು ಅಕ್ಷರದ ಬೆನ್ನು ಹತ್ತುವುದೇ ಇದಕ್ಕೆ ಕಾರಣ. ಹೆಸರುಗಳನ್ನು ಬರೆಯುವುದಾದರೆ ‘ಕಟ್ಟೆ’, ‘ಕೋಡಿ’, ‘ನಾಲೆ’ ಎಂದು ಆಯಾ ಭಾಗದ ಪಕ್ಕದಲ್ಲೇ ಬರೆಯಬೇಕು, ಮೂಲೆಯಲ್ಲಿ ಪಟ್ಟಿ ಮಾಡಬಾರದು ಎಂಬುದೂ ಅದೇ ಸಂಶೋಧನೆಯಿಂದ ಬಂದ ತಿಳಿವಳಿಕೆ. ಅಂದಕ್ಕೆಂದು ಹಾಕುವ ಹೂಬಳ್ಳಿಯ ಅಂಚು, ಕುಣಿಯುವ ಗೊಂಬೆ, ಪ್ರತಿ ಸ್ಲೈಡಿಗೂ ಚಪ್ಪಾಳೆಯ ಸದ್ದು, ಇವೆಲ್ಲ ಕಲಿಕೆಯನ್ನು ಹಿಂದಕ್ಕೆ ಎಳೆಯುತ್ತವೆ.

ಫೋಟೊ, ಧ್ವನಿ, ವಿಡಿಯೊ

ಹತ್ತಿರದ ಸ್ಥಳದ ಪಾಠಕ್ಕೆ ನೀವೇ ತೆಗೆದ ಫೋಟೊ ಎಲ್ಲಕ್ಕಿಂತ ಮೇಲು. ಫೋನನ್ನು ಅಡ್ಡಲಾಗಿ ಹಿಡಿದು ತೆಗೆಯಬೇಕು, ಅಳತೆ ತಿಳಿಯಲೆಂದು ಕಟ್ಟೆಯ ಮೇಲೆ ಒಬ್ಬ ಮನುಷ್ಯನಾದರೂ ಕಾಣುವಂತಿರಬೇಕು. ಹೋಗಲು ಆಗದಿದ್ದರೆ ವಿಕಿಮೀಡಿಯ ಕಾಮನ್ಸ್‌ನಲ್ಲಿ ಮುಕ್ತ ಪರವಾನಗಿಯ ಚಿತ್ರಗಳಿವೆ. ಚಿತ್ರದ ಕೆಳಗೆ ತೆಗೆದವರ ಹೆಸರನ್ನೂ ಪರವಾನಗಿಯನ್ನೂ ಸಣ್ಣದಾಗಿ ಬರೆಯುವುದು ಅಲ್ಲಿನ ನಿಯಮ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಪಾಠದ ಸಲುವಾಗಿ ಶಿಕ್ಷಕರು ಮಾಡಿಕೊಳ್ಳುವ ಪ್ರತಿಗೆ ವಿನಾಯಿತಿ ಕೊಟ್ಟಿದೆಯಾದರೂ, ಅದೇ ಫೈಲನ್ನು ಹತ್ತಾರು ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳುಹಿಸುವುದು ಬೇರೆಯೇ ಮಾತು. ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಚಿತ್ರವನ್ನು ನಿಜವಾದ ಸ್ಥಳದ ಪಾಠಕ್ಕೆ ಬಳಸಬಾರದು ಎಂದು ಖಚಿತವಾಗಿ ಹೇಳುತ್ತೇನೆ. ಅದು ಕೊಡುವುದು ಎಲ್ಲಿಯೂ ಇಲ್ಲದ ಒಂದು ಕಟ್ಟೆಯನ್ನು. ಹಿರಿಯೂರಿನ ಮಗು ಅದನ್ನು ತಕ್ಷಣ ಗುರುತಿಸುತ್ತದೆ, ಬೇರೆ ಊರಿನ ಮಗು ನಂಬಿಬಿಡುತ್ತದೆ.

ಧ್ವನಿಯನ್ನು ನಮ್ಮ ಶಿಕ್ಷಕರು ಬಳಸುವುದು ಕಡಿಮೆ. ಅಚ್ಚುಕಟ್ಟಿನಲ್ಲಿ ತೆಂಗು, ಅಡಿಕೆ ಮಾಡಿರುವ ಒಬ್ಬ ಹಿರಿಯ ರೈತರನ್ನು ಒಪ್ಪಿಸಿ, ನೀರು ತಳ ಕಂಡ ವರ್ಷಗಳಲ್ಲಿ ತೋಟ ಹೇಗಿತ್ತು ಎಂದು ಒಂದು ನಿಮಿಷ ಮಾತಾಡಿಸಿ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡರೆ, ಯಾವ ಅಂಕಿ ಅಂಶವೂ ಮಾಡದ ಕೆಲಸವನ್ನು ಆ ದನಿ ಮಾಡುತ್ತದೆ. ಅದು ಓಡುವಾಗ ಸ್ಲೈಡಿನ ಮೇಲೆ ತೋಟದ ಒಂದು ಚಿತ್ರ ಬಿಟ್ಟು ಬೇರೇನೂ ಇರಬೇಕಿಲ್ಲ.

ವಿಡಿಯೊ ಎರಡು ನಿಮಿಷ ಮೀರಬಾರದು, ಎಂಪಿ4 ರೂಪದಲ್ಲಿರಬೇಕು, ಅಂತರ್ಜಾಲದ ಕೊಂಡಿಯಾಗಿರದೆ ಫೈಲಿನೊಳಗೇ ಇರಬೇಕು. ಕೊಂಡಿ ಹಾಕಿದರೆ ಪಾಠದ ಹೊತ್ತಿನಲ್ಲಿ ನೆಟ್‌ವರ್ಕಿನ ಮರ್ಜಿ ಕಾಯಬೇಕಾಗುತ್ತದೆ. ಬೇಕಾದಷ್ಟನ್ನು ಮಾತ್ರ ಉಳಿಸಿಕೊಳ್ಳಲು ಪವರ್‌ಪಾಯಿಂಟಿನಲ್ಲೇ ‘ಟ್ರಿಮ್ ವಿಡಿಯೊ’ ಇದೆ, ಫೈಲ್ ತೀರ ದೊಡ್ಡದಾದರೆ ‘ಕಂಪ್ರೆಸ್ ಮೀಡಿಯ’ ಬಳಸಬಹುದು.

ಬೆಳಕು, ಗೋಡೆ, ಕರೆಂಟು

ಬೇಸಿಗೆಯ ಮಧ್ಯಾಹ್ನ ದುರ್ಗದ ಬಿಸಿಲು ಕಿಟಕಿಯಿಂದ ನೇರವಾಗಿ ಒಳಗೆ ಬೀಳುವಾಗ, ಕಪ್ಪು ಹಿನ್ನೆಲೆಯ ಚೆಂದದ ಸ್ಲೈಡ್ ಮಸುಕಾಗಿ ಮಾಯವಾಗುತ್ತದೆ. ಪ್ರೊಜೆಕ್ಟರ್ ಕಪ್ಪನ್ನು ಬಿಡಲಾರದು, ಬೆಳಕನ್ನು ಮಾತ್ರ ಬಿಡಬಲ್ಲದು. ಅದರ ಕಪ್ಪು ಎಂದರೆ ಆ ಹೊತ್ತಿನಲ್ಲಿ ಗೋಡೆಗೆ ಇರುವ ಬಣ್ಣವೇ. ಆದ್ದರಿಂದ ಕಿಟಕಿಗೆ ಪರದೆಗಳಿಲ್ಲದ ತರಗತಿಗೆ ಬಿಳಿ ಹಿನ್ನೆಲೆ, ಕಪ್ಪು ಅಥವಾ ಕಡುನೀಲಿ ಅಕ್ಷರವೇ ಸರಿ. ಕೋಟೆಯ ಬತೇರಿ, ಚಂದ್ರವಳ್ಳಿಯ ಗುಹೆಯಂಥ ಕತ್ತಲೆಯ ಫೋಟೊಗಳ ಬೆಳಕನ್ನು ಮೊದಲೇ ಹೆಚ್ಚಿಸಿಟ್ಟುಕೊಳ್ಳಬೇಕು. ಗೋಡೆಗೆ ಹಳದಿ ಬಣ್ಣ ಬಳಿದಿದ್ದರೆ ನಕ್ಷೆಯ ತಿಳಿಬಣ್ಣಗಳು ಕಾಣುವುದಿಲ್ಲ; ಇಸ್ತ್ರಿ ಮಾಡಿದ ಬಿಳಿ ಪಂಚೆಯೊಂದನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಸಾಕಷ್ಟು ಒಳ್ಳೆಯ ಪರದೆಯಾಗುತ್ತದೆ.

ಪ್ರೊಜೆಕ್ಟರಿನ ಆಕಾರವನ್ನೂ ಮೊದಲೇ ನೋಡಿಕೊಳ್ಳಬೇಕು. ಹಳೆಯ ಪ್ರೊಜೆಕ್ಟರುಗಳಲ್ಲಿ ಅನೇಕವು 4:3 ಅನುಪಾತದವು, ಪವರ್‌ಪಾಯಿಂಟ್ ತಾನಾಗಿ ಕೊಡುವ ಸ್ಲೈಡ್ 16:9. ಎಲ್ಲ ಮುಗಿದ ಮೇಲೆ ಬದಲಿಸಿದರೆ ಚಿತ್ರಗಳು ಸ್ಥಳ ತಪ್ಪುತ್ತವೆ. ಎಚ್‌ಡಿಎಂಐ ತಂತಿ ಸಿಕ್ಕಿಸಿದೊಡನೆ ಲ್ಯಾಪ್‌ಟಾಪಿನ ಸದ್ದು ಪ್ರೊಜೆಕ್ಟರಿನ ಪುಟ್ಟ ಸ್ಪೀಕರಿಗೆ ಹೋಗಿ, ರೈತರ ದನಿ ಫ್ಯಾನಿನ ಸದ್ದಿನಲ್ಲಿ ಕಳೆದುಹೋಗಬಹುದು. ಕೆಳಗಿನ ಪಟ್ಟಿಯಲ್ಲಿರುವ ಸ್ಪೀಕರ್ ಗುರುತನ್ನು ಒತ್ತಿ, ನೀವು ತಂದ ಬ್ಲೂಟೂತ್ ಸ್ಪೀಕರನ್ನು ಆರಿಸಬೇಕು. ಚಿತ್ರವೇ ಬಾರದಿದ್ದರೆ ವಿಂಡೋಸ್ ಗುಂಡಿಯ ಜೊತೆ ‘ಪಿ’ ಒತ್ತಿ ‘ಡೂಪ್ಲಿಕೇಟ್’ ಎಂಬುದನ್ನು ಆರಿಸಿದರೆ ಸಾಮಾನ್ಯವಾಗಿ ಬರುತ್ತದೆ.

ಪಾಠದ ನಡುವೆ ಮಕ್ಕಳ ಗಮನ ನಿಮ್ಮ ಕಡೆಗೆ ಬೇಕೆನಿಸಿದಾಗ ಕೀಲಿಮಣೆಯ ‘ಬಿ’ ಅಕ್ಷರ ಒತ್ತಿ, ಪರದೆ ಕಪ್ಪಾಗುತ್ತದೆ, ಮತ್ತೊಮ್ಮೆ ಒತ್ತಿದರೆ ಅದೇ ಸ್ಲೈಡ್ ಮರಳುತ್ತದೆ. ಮೂರನೆಯ ಪ್ರಶ್ನೆಯ ಚರ್ಚೆಯನ್ನು ಹೀಗೆ ಪರದೆ ಆರಿಸಿಯೇ ನಡೆಸಬೇಕು. ಯಾರಾದರೂ ನಕ್ಷೆಯನ್ನು ಮತ್ತೆ ಕೇಳಿದರೆ ಸ್ಲೈಡಿನ ಸಂಖ್ಯೆ ಒತ್ತಿ ಎಂಟರ್ ಹೊಡೆದರೆ ನೇರವಾಗಿ ಅಲ್ಲಿಗೆ ಹೋಗಬಹುದು. ಆದ್ದರಿಂದ ಸ್ಲೈಡ್ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಇಟ್ಟುಕೊಳ್ಳುವುದು ಅನುಕೂಲ.

ಕರೆಂಟು ಹೋಗುವುದನ್ನು ಪಾಠಯೋಜನೆಯಲ್ಲೇ ಸೇರಿಸಿಕೊಳ್ಳಬೇಕು. ನಕ್ಷೆಯನ್ನೂ ಕಣಿವೆಯ ಮೂರು ಚಿತ್ರಗಳನ್ನೂ ಎ3 ಹಾಳೆಯ ಮೇಲೆ ಮುದ್ರಿಸಿ ಇಟ್ಟುಕೊಂಡಿದ್ದರೆ, ಧ್ವನಿಮುದ್ರಿಕೆ ಫೋನಿನಲ್ಲೂ ಇದ್ದರೆ, ಉಳಿದ ಪಾಠ ಹಾಗೆಯೇ ಸಾಗುತ್ತದೆ. ಪೆನ್‌ಡ್ರೈವಿನಲ್ಲಿ ಮೂಲ ಫೈಲಿನ ಜೊತೆಗೆ ಪಿಡಿಎಫ್ ಪ್ರತಿಯನ್ನೂ ವಿಡಿಯೊವನ್ನೂ ಧ್ವನಿಯನ್ನೂ ಒಂದೇ ಫೋಲ್ಡರಿನಲ್ಲಿ ಇಡಿ. ಫೋಲ್ಡರಿಗೆ ‘ಹೊಸದು’, ‘ಕೊನೆಯದು’ ಎಂದು ಹೆಸರಿಡದೆ, ತರಗತಿ, ಘಟಕ, ವರ್ಷ ತಿಳಿಯುವಂಥ ಹೆಸರು ಕೊಡಿ. ಪಾಠ ಮುಗಿದ ದಿನವೇ, ಯಾವ ಸ್ಲೈಡಿನಲ್ಲಿ ಮಕ್ಕಳು ತಡವರಿಸಿದರು, ಯಾವ ಪ್ರಶ್ನೆ ಕೇಳಿದರು ಎಂಬುದನ್ನು ಆಯಾ ಸ್ಲೈಡಿನ ಕೆಳಗಿರುವ ನೋಟ್ಸ್ ಜಾಗದಲ್ಲಿ ಎರಡು ಸಾಲು ಬರೆದಿಟ್ಟರೆ, ಮುಂದಿನ ವರ್ಷ ಅದೇ ಫೈಲನ್ನು ತಿದ್ದುವುದಕ್ಕೆ ಅರ್ಧ ಗಂಟೆ ಸಾಕಾಗುತ್ತದೆ.